ಜಗಜಟ್ಟಿ ಗಾಮಾ

ಊರ ಜಾತ್ರೆಗಳಲ್ಲಿ ನಡೆಯುವ ಕುಸ್ತಿಗಳನ್ನು ಕಂಡವರಿಗೆ ಒಂದು ಸಂಗತಿಯು ಗೊತ್ತಿದ್ದೇ ಇರುತ್ತದೆ. ಕುಸ್ತಿಯು ಎರಡು ಬಗೆಯಾಗಿ ಮುಗಿಯುತ್ತದೆ. ಒಬ್ಬನ ಬೆನ್ನು ಮಣ್ಣಿಗೆ ತಾಗಿ ಸೋಲು ಗೆಲುವುಗಳು ಇತ್ಯರ್ಥವಾದರೆ ಅದು ನಿಕಾಲಿ ಕುಸ್ತಿ. ಎಷ್ಟು ಹೊತ್ತು ಸೆಣಸಿದರೂ ಇಬ್ಬರಲ್ಲಿ ಯಾರೂ ಬೀಳದಿರಲು ಪಂಚರು ನಡುವೆ ಬಂದು ಜಟ್ಟಿಗಳನ್ನು ಬಿಡಿಸಿದರೆ ಅದು ಸಮ. ಸಮವಾದ ಕುಸ್ತಿಯನ್ನು ನೋಡಿದವರು ಇವನು ಹೆಚ್ಚೋ ಅವನು ಹೆಚ್ಚೋ ಎಂದು ವಾದಿಸುತ್ತ ಮನೆಯ ದಾರಿ ಹಿಡಿಯುತ್ತಾರೆ. ನಾಲ್ಕು ದಿನಗಳಲ್ಲಿ ಅದನ್ನು ಮರೆತೂ ಬಿಡುತ್ತಾರೆ. ಆದರೆ ಕಣದಲ್ಲಿ ಸೆಣಸಿದವನು ಅದನ್ನು ಮರೆಯಲಾರನು. ಮುಗಿಯದೆ ಉಳಿದ ಕೆಲಸದಂತೆ ಅದು ಅವನ ಮನಸ್ಸಿನಲ್ಲಿ ಕೊರೆಯುತ್ತಲೇ ಇರುತ್ತದೆ.

ಇಂತಹ ಎರಡು ಸಮ ಕುಸ್ತಿಗಳನ್ನು ವರ್ಷಗಟ್ಟಲೆ ಎದೆಯಲ್ಲಿಟ್ಟುಕೊಂಡು, ತಾಳ್ಮೆಯಿಂದ ಕಾದು, ಕೊನೆಗೆ ಅವೆರಡನ್ನೂ ಇತ್ಯರ್ಥಮಾಡಿದ ಒಬ್ಬ ಮಹಾಮಲ್ಲನ ಜೀವನವನ್ನು ನಾವು ಇಲ್ಲಿ ಹೇಳಲು ಬಯಸುತ್ತೇವೆ. ಅವನ ಹೆಸರು ಗಾಮಾ. ಅವನು ಸುಮಾರು ಐವತ್ತು ವರುಷಗಳ ಕಾಲ ಅಜೇಯನಾಗಿದ್ದನೆಂಬುದು ಲೋಕಪ್ರಸಿದ್ಧವಾದ ಮಾತು. ಆದರೆ ಅವನ ಹಿರಿಮೆಯು ಗೆಲುವುಗಳ ಲೆಕ್ಕದಲ್ಲಿ ಮಾತ್ರವಿಲ್ಲವೆಂದು ನಮಗೆ ತೋರುತ್ತದೆ. ಅದು ಎಲ್ಲಿದೆಯೆಂಬುದನ್ನು ವಾಚಕರು ಕಥೆಯನ್ನು ಪೂರ್ತಿ ಕೇಳಿದ ಬಳಿಕ ತಾವೇ ನಿರ್ಣಯಿಸಲಿ.

ಗಾಮಾನ ನಿಜವಾದ ಹೆಸರು ಗುಲಾಮ್ ಮುಹಮ್ಮದ್ ಬಕ್ಷ್. ೧೮೭೮ನೆಯ ಇಸವಿಯ ಮೇ ತಿಂಗಳ ೨೨ರಂದು ಪಂಜಾಬಿನ ಅಮೃತಸರದ ಸೀಮೆಯ ಜಬ್ಬೋವಾಲ್ ಎಂಬ ಹಳ್ಳಿಯಲ್ಲಿ ಅವನು ಹುಟ್ಟಿದನು. ಅವರದು ಕಾಶ್ಮೀರದ ಮೂಲದ ಮಲ್ಲರ ಮನೆತನ. ತಂದೆ ಮುಹಮ್ಮದ್ ಅಜೀಜ್ ಬಕ್ಷ್ ತಾನೇ ಹೆಸರಾಂತ ಪೈಲವಾನನಾಗಿದ್ದನು. ಕುಂಬಾರನ ಮಗನ ಕೈಗೆ ತಿಗರಿಯು ಹೇಗೋ ಹಾಗೆ ಈ ಬಾಲಕನ ಕಾಲಿಗೆ ಗರಡಿಯ ಮಣ್ಣು ಸಹಜವಾಗಿಯೇ ಅಂಟಿಕೊಂಡಿತು. ಆದರೆ ಮಗನಿಗೆ ವಿದ್ಯೆಯನ್ನು ಧಾರೆಯೆರೆಯುವ ಭಾಗ್ಯವು ಆ ತಂದೆಗೆ ಬರಲಿಲ್ಲ. ಗಾಮಾನಿಗೆ ಆರು ವರುಷವಾಗಿದ್ದಾಗಲೇ ಅವನು ತೀರಿಕೊಂಡನು. ತಾಯಿಯ ತಂದೆಯಾದ ನೂನ್ ಪೈಲವಾನನು ಮೊಮ್ಮಗನನ್ನು ತನ್ನ ನೆರಳಿಗೆ ಕರೆದುಕೊಂಡನು. ಆ ಅಜ್ಜನೂ ಬಹುಕಾಲ ಬದುಕಲಿಲ್ಲ. ಆಗ ಸೋದರಮಾವನಾದ ಈದಾ ಪೈಲವಾನನು ಮುಂದೆ ಬಂದು, ಭಾವನ ಮಗನನ್ನು ಭಾವನು ಬಯಸಿದ್ದಂತೆಯೇ ಮಹಾಮಲ್ಲನನ್ನಾಗಿ ಮಾಡುವ ಸಂಕಲ್ಪ ತೊಟ್ಟನು. ಅಕ್ಷರ ಕಲಿಯುವ ವಯಸ್ಸಿನಲ್ಲಿ ಎರಡು ಸಾವುಗಳನ್ನು ಕಂಡ ಹುಡುಗನು ಆಟಪಾಟಗಳನ್ನು ಬಿಟ್ಟು ದಂಡ ಬಸ್ಕಿಗಳನ್ನು ಹಿಡಿದನು.

ಅವನ ಹೆಸರು ಮೊದಲು ಹೊರಗೆ ಬಿದ್ದುದು ೧೮೮೮ರಲ್ಲಿ. ಆ ವರುಷ ಜೋಧಪುರದ ಮಹಾರಾಜನು ಅಂಗಸಾಧನೆಯ ಒಂದು ದೊಡ್ಡ ಪಂದ್ಯವನ್ನು ಏರ್ಪಡಿಸಿದ್ದನು. ಅಲ್ಲಿ ನಡೆದುದು ಕುಸ್ತಿಯಲ್ಲ, ತಾಳಿಕೆಯ ಪರೀಕ್ಷೆ. ನಾನಾ ಸೀಮೆಗಳಿಂದ ಬಂದ ೪೦೦ಕ್ಕೂ ಹೆಚ್ಚು ಜಟ್ಟಿಗಳು ಏಕಕಾಲಕ್ಕೆ ಬಸ್ಕಿ ಮೊದಲಾದ ಕಠಿಣ ವ್ಯಾಯಾಮಗಳನ್ನು ಮಾಡತೊಡಗಬೇಕು. ದಣಿದವರು ಒಬ್ಬೊಬ್ಬರಾಗಿ ಹೊರಗೆ ಹೋಗಬೇಕು. ಕಡೆಯವರೆಗೆ ಉಳಿದವನೇ ಗೆದ್ದವನು. ಬಿಸಿಲೇರುತ್ತ ಹೋದಂತೆ ಮೀಸೆ ಹೊತ್ತ ಗಂಡಸರು ಕುಸಿದು ಕುಳಿತರು. ಕೊನೆಗೆ ಹದಿನೈದು ಜನರು ಮಾತ್ರ ಕಣದಲ್ಲಿ ಉಳಿದಾಗ ಅವರ ನಡುವೆ ಹತ್ತು ವರುಷದ ಒಬ್ಬ ಪೋರನು ಇನ್ನೂ ಏಳುತ್ತ ಕೂಡುತ್ತ ಇದ್ದುದನ್ನು ಮಹಾರಾಜನು ಕಂಡನು. ಅವನ ಎಳೆಯ ವಯಸ್ಸನ್ನು ಗಮನಿಸಿ ಅವನೇ ಗೆದ್ದನೆಂದು ಸಾರಿದನು. ಆ ಬಾಲಕನೇ ಗಾಮಾ.

ಈ ಪಂದ್ಯದ ಫಲವಾಗಿ ಅವನಿಗೆ ದತಿಯಾ ಸಂಸ್ಥಾನದ ಆಶ್ರಯವು ದೊರೆಯಿತು. ಬುಂದೇಲಖಂಡದ ಈ ಚಿಕ್ಕ ಸಂಸ್ಥಾನವು ಈಗ ಮಧ್ಯಪ್ರದೇಶದಲ್ಲಿ ಸೇರಿದೆ. ಆಗಿನ ಕಾಲದ ಮಲ್ಲವಿದ್ಯೆಯ ವ್ಯವಸ್ಥೆಯನ್ನು ನಾವು ಇಲ್ಲಿ ಸ್ವಲ್ಪ ವಿವರಿಸಬೇಕು. ಕುಸ್ತಿಯನ್ನೇ ಬದುಕಾಗಿ ಮಾಡಿಕೊಂಡವನಿಗೆ ಹಾಲು, ತುಪ್ಪ, ಬಾದಾಮಿ, ಮಾಂಸದ ಸಾರು ಇವು ನಿತ್ಯವೂ ಬೇಕು; ಅಂಗಮರ್ದನಕ್ಕೆ ಆಳುಗಳು ಬೇಕು; ಸೆಣಸಲು ಜೊತೆಗಾರರು ಬೇಕು. ಇಷ್ಟೆಲ್ಲ ವೆಚ್ಚವನ್ನು ಬಡವನೊಬ್ಬನು ಭರಿಸಲಾರನು. ಆದುದರಿಂದ ರಾಜರು ಮಲ್ಲರನ್ನು ಸಾಕುತ್ತಿದ್ದರು. ಮಲ್ಲರು ಆ ರಾಜರ ಹೆಸರಿನಲ್ಲಿ ಸೆಣಸುತ್ತಿದ್ದರು. ನಮ್ಮ ಕನ್ನಡನಾಡಿಗೂ ಈ ಪದ್ಧತಿಯು ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆಯಾದ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸವೆಂಬ ಗ್ರಂಥದಲ್ಲಿ ಜಟ್ಟಿಗಳ ಆಹಾರ, ಅಭ್ಯಾಸ, ಸೆಣಸಾಟಗಳನ್ನು ವರ್ಣಿಸಿದ್ದಾನೆ. ಮೈಸೂರಿನ ಅರಸರ ಆಶ್ರಯದ ಜಟ್ಟಿಗಳು ದಸರೆಯ ವಜ್ರಮುಷ್ಟಿ ಕಾಳಗದಿಂದ ಪ್ರಸಿದ್ಧರಾದರು.

ದತಿಯಾದ ಅಖಾಡದಲ್ಲಿ ಗಾಮಾನು ನಡೆಸಿದ ಸಾಧನೆಯ ಬಗೆಗೆ ಅನೇಕ ಕಥೆಗಳುಂಟು. ದಿನವೊಂದಕ್ಕೆ ಐದು ಸಾವಿರ ಬಸ್ಕಿ, ಮೂರು ಸಾವಿರ ದಂಡಗಳನ್ನು ಅವನು ತೆಗೆಯುತ್ತಿದ್ದನೆಂದು ಪ್ರಸಿದ್ಧಿಯಿದೆ. ಕೊರಳಿಗೆ ಕಲ್ಲಿನ ಬಳೆಯನ್ನು ಹಾಕಿಕೊಂಡು ಬಸ್ಕಿ ಹೊಡೆಯುವುದು, ಅಖಾಡದ ಮಣ್ಣನ್ನು ಗುದ್ದಲಿಯಿಂದ ಅಗೆದು ಹದಮಾಡುವುದು, ತನ್ನ ಜೊತೆಗಾರರಲ್ಲಿ ಒಬ್ಬನ ಬಳಿಕ ಒಬ್ಬನೊಡನೆ ಪಟ್ಟು ಹಿಡಿಯುವುದು ಇವು ಅವನ ನಿತ್ಯವಿಧಿಗಳು. ಅವನು ಉಪಯೋಗಿಸಿದ, ೯೫ ಕಿಲೋಗ್ರಾಮ್ ತೂಕದ ಅಂತಹ ಒಂದು ಚಕ್ರಾಕಾರದ ಭಾರವನ್ನು ಪಟಿಯಾಲಾದ ರಾಷ್ಟ್ರೀಯ ಕ್ರೀಡಾಸಂಸ್ಥೆಯ ಸಂಗ್ರಹಾಲಯದಲ್ಲಿ ಇರಿಸಲಾಗಿದೆ. ಅವನು ೧೯೦೨ರಲ್ಲಿ ಎತ್ತಿದನೆಂದು ಹೇಳುವ ಒಂದು ಹೆಬ್ಬಂಡೆಯು ಬಡೋದೆಯ ವಸ್ತುಸಂಗ್ರಹಾಲಯದ ಬಳಿ ಇದೆ.

ಇಷ್ಟೊಂದು ಸಾಧನೆ ಮಾಡಿದರೂ ಗಾಮಾನು ನೋಡಲು ದೈತ್ಯನಾಗಿರಲಿಲ್ಲ. ಅವನ ಎತ್ತರವು ಐದು ಅಡಿ ಏಳೆಂಟು ಅಂಗುಲ ಮಾತ್ರ. ಈ ಅಳತೆಯನ್ನು ಬಾಲಕರು ನೆನಪಿನಲ್ಲಿಡಬೇಕು. ಏಕೆಂದರೆ ಮುಂದೆ ಇದೇ ಅವನಿಗೆ ಒಂದು ತಡೆಯಾಗಲಿದೆ.

ಅವನ ಹದಿನೇಳನೆಯ ವಯಸ್ಸಿನಲ್ಲಿ, ಎಂದರೆ ೧೮೯೫ರಲ್ಲಿ, ಮೊದಲನೆಯ ದೊಡ್ಡ ಪರೀಕ್ಷೆಯು ಬಂದಿತು. ಆಗ ಹಿಂದೂಸ್ಥಾನದ ಮಲ್ಲರಲ್ಲೆಲ್ಲ ಅಗ್ರಗಣ್ಯನಾಗಿದ್ದವನು ಗುಜರಾನವಾಲೆಯ ರಹೀಮ್ ಬಕ್ಷ್ ಸುಲ್ತಾನೀವಾಲಾ. ಅವನೂ ಕಾಶ್ಮೀರ ಮೂಲದವನೇ. ವಯಸ್ಸಿನಲ್ಲಿ ಗಾಮಾನಿಗಿಂತ ಬಹಳ ಹಿರಿಯನು. ಎತ್ತರದಲ್ಲಿ ಹೆಚ್ಚು ಕಡಿಮೆ ಏಳು ಅಡಿ. ಗಾಮಾನು ಅವನಿಗೆ ಸವಾಲು ಹಾಕಿದಾಗ ಜನರು ನಕ್ಕಿರಬೇಕು. ತಾಳೆಯ ಮರದ ಬುಡದಲ್ಲಿ ನಿಂತ ಮಾವಿನ ಸಸಿಯಂತೆ ಅವನು ರಹೀಮನ ಮುಂದೆ ಕಾಣುತ್ತಿದ್ದನು. ಆದರೆ ಕುಸ್ತಿಯು ತೊಡಗಿದ ಮೇಲೆ ನಗುವು ನಿಂತುಹೋಯಿತು. ಹಿರಿಯನು ಒತ್ತಿದಂತೆಲ್ಲ ಕಿರಿಯನು ಜಾರಿಕೊಂಡನು. ಕೆಡವಲು ಹೋದಂತೆಲ್ಲ ಕಾಲೂರಿ ನಿಂತನು. ಗಂಟೆಗಳು ಕಳೆದರೂ ಯಾರ ಬೆನ್ನೂ ಮಣ್ಣನ್ನು ಮುಟ್ಟಲಿಲ್ಲ. ಕುಸ್ತಿಯು ಸಮವಾಯಿತು.

ದೇಶದ ಜನರು ಗಾಮಾನನ್ನು ಗುರುತಿಸಿದುದು ಈ ಗೆಲ್ಲದ ಕುಸ್ತಿಯಿಂದಲೇ. ಮುಂದಿನ ಹದಿನೈದು ವರುಷಗಳಲ್ಲಿ ಅವನು ಸಂಸ್ಥಾನದಿಂದ ಸಂಸ್ಥಾನಕ್ಕೆ ಸಂಚರಿಸಿ ತನ್ನೆದುರು ನಿಂತ ಹೆಸರಾಂತ ಮಲ್ಲರನ್ನೆಲ್ಲ ಸೋಲಿಸುತ್ತ ಬಂದನು. ೧೯೧೦ರ ಹೊತ್ತಿಗೆ ಅವನು ಸೋಲಿಸದ ದೊಡ್ಡ ಮಲ್ಲನು ಹಿಂದೂಸ್ಥಾನದಲ್ಲಿ ಒಬ್ಬನೇ ಉಳಿದಿದ್ದನು. ಅವನೇ ರಹೀಮ್ ಬಕ್ಷ್. ಆ ಲೆಕ್ಕವು ಹಾಗೆಯೇ ನಿಂತಿರಲು, ಸಮುದ್ರದಾಚೆಯಿಂದ ಮತ್ತೊಂದು ಕರೆಯು ಬಂದಿತು.

ಆ ಕಾಲದಲ್ಲಿ ಯುರೋಪು ಅಮೇರಿಕೆಗಳಲ್ಲಿ ವೃತ್ತಿಮಲ್ಲರ ಕುಸ್ತಿಗಳಿಗೆ ಅಪಾರವಾದ ಜನಪ್ರಿಯತೆಯಿತ್ತು. ಲಂಡನ್ನಿನ ರಂಗಶಾಲೆಗಳಲ್ಲಿ ಹಾಡು ಕುಣಿತಗಳ ನಡುವೆಯೇ ಕುಸ್ತಿಗಳು ನಡೆಯುತ್ತಿದ್ದವು. ಟಿಕೀಟು ಮಾರಿ, ಪಣದ ಹಣವನ್ನು ಮುಂಗಡವಾಗಿ ಇರಿಸಿ, ಪತ್ರಿಕೆಗಳಲ್ಲಿ ಸವಾಲುಗಳನ್ನು ಅಚ್ಚುಹಾಕಿಸಿ ಪಂದ್ಯಗಳನ್ನು ಏರ್ಪಡಿಸುವ ದಲ್ಲಾಳಿಗಳಿದ್ದರು. ಎಸ್ಟೋನಿಯಾದಲ್ಲಿ ಹುಟ್ಟಿದ ಹ್ಯಾಕೆನ್‌ಸ್ಮಿಟ್ ಎಂಬವನನ್ನು ೧೯೦೮ರಲ್ಲಿ ಶಿಕಾಗೋ ನಗರದಲ್ಲಿ ಸೋಲಿಸಿ ಅಮೇರಿಕೆಯ ಫ್ರಾಂಕ್ ಗಾಚ್ ಎಂಬವನು ಜಗಜ್ಜೇತನೆನಿಸಿಕೊಂಡಿದ್ದನು. ಆದರೆ ಇವರಲ್ಲಿ ಯಾರೂ ಹಿಂದೂಸ್ಥಾನದ ಮಲ್ಲರೊಡನೆ ಸೆಣಸಿ ಆ ಪದವಿಯನ್ನು ಪಡೆದವರಲ್ಲ. ಹಿಂದೂಸ್ಥಾನವು ಆಗ ಪರಾಧೀನವಾಗಿತ್ತು. ಇಲ್ಲಿಯ ಜನರು, ಅದರಲ್ಲಿಯೂ ವಂಗೀಯರು, ದುರ್ಬಲರೆಂದು ಆಳುವವರು ಹೀಯಾಳಿಸುತ್ತಿದ್ದರು. ಸ್ವದೇಶೀ ಚಳವಳಿಯ ಆ ದಿನಗಳಲ್ಲಿ ಶರತ್‌ಕುಮಾರ ಮಿತ್ರನೆಂಬ ವಂಗದೇಶದ ಶ್ರೀಮಂತನು ಹಣವನ್ನು ಒದಗಿಸಿದನು. ಬೆಂಜಮಿನ್ ಎಂಬ ದಲ್ಲಾಳಿಯು ವ್ಯವಸ್ಥೆಯನ್ನು ವಹಿಸಿಕೊಂಡನು. ಗಾಮಾ, ಅವನ ತಮ್ಮ ಇಮಾಮ್ ಬಕ್ಷ್, ಅಹಮದ್ ಬಕ್ಷ್, ಗಾಮೂ ಈ ನಾಲ್ವರು ಮಲ್ಲರು ೧೯೧೦ರಲ್ಲಿ ಲಂಡನ್ನನ್ನು ಸೇರಿದರು.

ಅಲ್ಲಿ ನಮ್ಮ ಮಹಾಮಲ್ಲನಿಗೆ ಮೊದಲು ದೊರೆತುದು ಸ್ವಾಗತವಲ್ಲ, ನಿರಾಕರಣೆ. ಅವನು ಕುಳ್ಳನೆಂಬ ಕಾರಣದಿಂದ ದೊಡ್ಡ ಪಂದ್ಯಕ್ಕೆ ಅವನನ್ನು ಸೇರಿಸಿಕೊಳ್ಳಲಿಲ್ಲ. ಸಾವಿರಾರು ಮೈಲು ದೂರ ಬಂದು, ಕಣಕ್ಕೆ ಇಳಿಯುವ ಮೊದಲೇ ಅಳತೆಗೋಲಿನಿಂದ ಸೋಲುವುದೆಂದರೆ ಎಂತಹ ಅಪಮಾನ! ಗಾಮಾನು ಜಗಳವಾಡಲಿಲ್ಲ, ಹಿಂತಿರುಗಲೂ ಇಲ್ಲ. ಯಾವ ತೂಕದವರೇ ಆಗಲಿ, ಮೂವರು ಮಲ್ಲರನ್ನು ಅರ್ಧ ಗಂಟೆಯೊಳಗೆ ಕೆಡವುವೆನೆಂದು ಬಹಿರಂಗವಾಗಿ ಸವಾಲು ಹಾಕಿದನು. ಇದು ಬರಿಯ ಬೆದರಿಕೆಯೆಂದು ತಿಳಿದು ಮೊದಮೊದಲು ಯಾರೂ ಅದನ್ನು ಲೆಕ್ಕಿಸಲಿಲ್ಲ. ಹ್ಯಾಕೆನ್‌ಸ್ಮಿಟ್, ಗಾಚ್ ಇವರೊಡನೆ ಸೆಣಸುವ ಇಚ್ಛೆಯನ್ನು ಪ್ರಕಟಿಸಿದರೂ ಅವರು ಮುಂದೆ ಬರಲಿಲ್ಲ.

ಕಡೆಗೆ ಸವಾಲನ್ನು ಸ್ವೀಕರಿಸಿದವನು ಬೆಂಜಮಿನ್ ರೋಲರ್ ಎಂಬ ಅಮೇರಿಕನು. ಇವನು ವೃತ್ತಿಯಿಂದ ವೈದ್ಯನೂ ಹೌದು, ಮಲ್ಲನೂ ಹೌದು. ಆಗಸ್ಟ್ ತಿಂಗಳಲ್ಲಿ ನಡೆದ ಈ ಕುಸ್ತಿಯಲ್ಲಿ ಗಾಮಾನು ಮೊದಲನೆಯ ಸಲ ಅವನನ್ನು ಕೆಡವಲು ತೆಗೆದುಕೊಂಡ ಕಾಲವು ಒಂದು ನಿಮಿಷ ನಲವತ್ತು ಸೆಕೆಂಡು. ಎರಡನೆಯ ಸಲ ಒಂಬತ್ತು ನಿಮಿಷ ಹತ್ತು ಸೆಕೆಂಡು. ಅತ್ತ ತಮ್ಮನಾದ ಇಮಾಮ್ ಬಕ್ಷನು ಸ್ವಿಟ್ಸರ್ಲೆಂಡಿನ ಜಾನ್ ಲೆಮ್ ಎಂಬ ಬಲಶಾಲಿಯನ್ನು ಕೆಲವೇ ನಿಮಿಷಗಳಲ್ಲಿ ಸೋಲಿಸಿದನು. ಹಿಂದೂಸ್ಥಾನದ ಜಟ್ಟಿಗಳನ್ನು ಕುರಿತು ಲಂಡನ್ನಿನ ಪತ್ರಿಕೆಗಳ ಧ್ವನಿಯು ಬದಲಾಯಿತು. ಮುಚ್ಚಿದ್ದ ಬಾಗಿಲು ಈಗ ತೆರೆಯಿತು.

ಆ ಬಾಗಿಲಿನ ಒಳಗೆ ಕಾದಿದ್ದವನು ಸ್ಟಾನಿಸ್ಲಾಸ್ ಜ್ಬಿಸ್ಕೋ. ಇವನು ಪೋಲೆಂಡಿನವನು, ಗಾಮಾನ ಸಮವಯಸ್ಕನೆಂದೇ ಹೇಳಬಹುದು, ತೂಕದಲ್ಲಿ ಮಾತ್ರ ಅವನಿಗಿಂತ ಬಹಳ ಹೆಚ್ಚು. ಅವನ ಕೊರಳೂ ಎದೆಯೂ ಗೂಳಿಯನ್ನು ನೆನಪಿಗೆ ತರುತ್ತಿದ್ದವು. ೧೯೦೯ರಲ್ಲಿ ಅವನು ಗಾಚನಂತಹವನೆದುರು ಒಂದು ಗಂಟೆಯ ಕಾಲ ಬೀಳದೆ ನಿಂತವನು. ೧೯೧೦ರ ಜೂನ್‌ನಲ್ಲಿ ಮಾತ್ರ ಅದೇ ಗಾಚನಿಂದ ಸೋಲುಂಡಿದ್ದನು. ಗಾಮಾನಿಗೂ ಅವನಿಗೂ ೧೯೧೦ರ ಸೆಪ್ಟೆಂಬರ್ ೧೦ರಂದು ಲಂಡನ್ನಿನ ವೈಟ್ ಸಿಟಿ ಕ್ರೀಡಾಂಗಣದಲ್ಲಿ ಕುಸ್ತಿಯು ಗೊತ್ತಾಯಿತು. ಗೆದ್ದವನಿಗೆ ೨೫೦ ಪೌಂಡುಗಳ ಬಹುಮಾನ, ಜೊತೆಗೆ ಜಾನ್ ಬುಲ್ ಎಂಬ ಹೆಸರಿನ ಪಟ್ಟ. ಈ ಪಟ್ಟವೆಂದರೆ ಸೊಂಟಕ್ಕೆ ಕಟ್ಟುವ ಬಿರುದಿನ ಪಟ್ಟಿ. ನಮ್ಮಲ್ಲಿಯ ಗದೆಗೆ ಇರುವ ಗೌರವವು ಅಲ್ಲಿ ಅದಕ್ಕೆ ಉಂಟು.

ಅಲ್ಲಿಯ ಕುಸ್ತಿಯು ನಡೆಯುವುದು ಹದಮಾಡಿದ ಮಣ್ಣಿನ ಮೇಲಲ್ಲ, ಮೆತ್ತೆಯ ಹಾಸಿನ ಮೇಲೆ. ಎದುರಾಳಿಯ ಎರಡು ಹೆಗಲುಗಳನ್ನೂ ಹಾಸಿಗೆ ಒತ್ತಿ ಹಿಡಿದರೆ ಗೆಲುವು. ಮೊದಲ ಗಳಿಗೆಯಲ್ಲಿಯೇ ಗಾಮಾನು ಜ್ಬಿಸ್ಕೋನನ್ನು ಕೆಳಕ್ಕೆ ತಂದನು. ಆದರೆ ಕೆಳಕ್ಕೆ ಬಂದವನು ಬೆನ್ನನ್ನು ಕೊಡಲಿಲ್ಲ. ಕೈಕಾಲುಗಳನ್ನು ಅಗಲಿಸಿ ಹಾಸಿಗೆ ಹೊಟ್ಟೆಯನ್ನು ಆನಿಸಿ ಆಮೆಯಂತೆ ಅವಿತುಬಿಟ್ಟನು. ಹಾಗೆ ಬಿದ್ದುಕೊಂಡ ಭಾರೀ ಆಳನ್ನು ಮಗುಚುವುದು ಕುಸ್ತಿಯಲ್ಲಿಯೇ ಅತ್ಯಂತ ಕಷ್ಟವಾದ ಕೆಲಸ. ಹಿಡಿಯಲು ಎಡೆಯಿಲ್ಲ, ಎತ್ತಲು ಆಸರೆಯಿಲ್ಲ. ಗಾಮಾನು ಎಳೆದನು, ಒತ್ತಿದನು, ತಿರುಚಿದನು, ತನಗೆ ತಿಳಿದ ಪಟ್ಟುಗಳನ್ನೆಲ್ಲ ಪ್ರಯೋಗಿಸಿದನು. ಜ್ಬಿಸ್ಕೋನು ಮಾತ್ರ ಕದಲಲಿಲ್ಲ. ಹೀಗೆ ಎರಡೂವರೆ ಗಂಟೆಗೂ ಮೀರಿ ಕಾಲವು ಸರಿಯಿತು. ನೋಡಲು ಬಂದವರು ಬೇಸತ್ತರು. ಕೊನೆಗೆ ಕುಸ್ತಿಯನ್ನು ನಿಲ್ಲಿಸಿ, ಮುಂದಿನ ಶನಿವಾರ, ಎಂದರೆ ೧೭ನೆಯ ತಾರೀಖು, ಅದನ್ನು ಮತ್ತೆ ನಡೆಸುವುದೆಂದು ನಿರ್ಧರಿಸಲಾಯಿತು.

೧೭ನೆಯ ತಾರೀಖು ಗಾಮಾನು ಕಣಕ್ಕೆ ಬಂದನು, ಜ್ಬಿಸ್ಕೋನು ಬರಲಿಲ್ಲ. ನಿಯಮದಂತೆ ಪಟ್ಟವೂ ಬಹುಮಾನವೂ ಗಾಮಾನ ಪಾಲಾದವು. ಅವನು ಜಗದ ಮಲ್ಲರಲ್ಲಿ ಶ್ರೇಷ್ಠನೆಂದು ಹಿಂದೂಸ್ಥಾನವು ಹಿಗ್ಗಿತು. ರುಸ್ತುಮ್-ಎ-ಜಮಾನ್, ಎಂದರೆ ಲೋಕಕ್ಕೆಲ್ಲ ವೀರನು, ಎಂಬ ಬಿರುದು ಅವನ ಹೆಸರಿಗೆ ಅಂಟಿತು. ಆದರೆ ನಾವು ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಬಾರದಿದ್ದವನ ಮೇಲೆ ಪಡೆದ ಗೆಲುವು ನಿಜವಾದ ಮಲ್ಲನಿಗೆ ತೃಪ್ತಿಯನ್ನು ಕೊಡಬಲ್ಲುದೆ? ಸೊಂಟದಲ್ಲಿ ಪಟ್ಟವಿತ್ತು, ನಿಜ. ಕೈಗಳು ಮಾತ್ರ ಕೆಲಸವನ್ನು ಮುಗಿಸಿರಲಿಲ್ಲ. ರಹೀಮ್ ಬಕ್ಷನ ಲೆಕ್ಕದ ಜೊತೆಗೆ ಈಗ ಇನ್ನೊಂದು ಲೆಕ್ಕವು ಸೇರಿಕೊಂಡಿತು.

ಸ್ವದೇಶಕ್ಕೆ ಮರಳಿದ ಗಾಮಾನು ಮೊದಲು ಹಳೆಯ ಲೆಕ್ಕವನ್ನು ಕೈಗೆತ್ತಿಕೊಂಡನು. ಅಲಹಾಬಾದಿನಲ್ಲಿ ರಹೀಮ್ ಬಕ್ಷನೊಡನೆ ಕಡೆಯ ಕುಸ್ತಿಯು ನಡೆಯಿತು. ಹದಿನೇಳರ ಹುಡುಗನು ಈಗ ಮೂವತ್ತು ದಾಟಿದ ಪ್ರೌಢನಾಗಿದ್ದನು. ರಹೀಮನು ತನ್ನ ಮಲ್ಲಜೀವನದ ಸಂಧ್ಯೆಯಲ್ಲಿದ್ದನು. ಆದರೂ ಆ ಮುದಿಸಿಂಹವು ಸುಲಭವಾಗಿ ಮಣಿಯಲಿಲ್ಲ. ಬಹಳ ಹೊತ್ತಿನ ಸೆಣಸಾಟದ ಬಳಿಕ ಗೆಲುವು ಗಾಮಾನದಾಯಿತು. ಹಿಂದೂಸ್ಥಾನದ ವೀರನೆಂಬ ಅರ್ಥದ ರುಸ್ತುಮ್-ಎ-ಹಿಂದ್ ಬಿರುದು ಅವನಿಗೆ ಸಂದಿತು. ಮುಂದೆ ತನ್ನ ಎದುರಾಳಿಗಳಲ್ಲಿ ಬಲಿಷ್ಠನಾರೆಂಬ ಪ್ರಶ್ನೆ ಬಂದಾಗಲೆಲ್ಲ ಗಾಮಾನು ಹೇಳುತ್ತಿದ್ದುದು ಪರದೇಶದವರ ಹೆಸರನ್ನಲ್ಲ, ಈ ರಹೀಮ್ ಬಕ್ಷನ ಹೆಸರನ್ನೇ. ಗೆದ್ದವನು ಸೋತವನನ್ನು ಹೀಗೆ ಗೌರವಿಸುವುದು ಗರಡಿಯು ಕಲಿಸುವ ಮೊದಲನೆಯ ಪಾಠ.

೧೯೧೬ರಲ್ಲಿ ಪಂಡಿತ ಬಿದ್ದೂ ಎಂಬ ಹೆಸರಾಂತ ಮಲ್ಲನನ್ನು ಸೋಲಿಸಿದ ಮೇಲೆ ಗಾಮಾನಿಗೆ ದೇಶದಲ್ಲಿ ಸಮಜೋಡಿ ಸಿಕ್ಕುವುದೇ ದುರ್ಲಭವಾಯಿತು. ಮಲ್ಲನಿಗೆ ಇದೊಂದು ವಿಚಿತ್ರವಾದ ಕಷ್ಟ. ಎದುರಾಳಿಯಿಲ್ಲದವನ ಅಭ್ಯಾಸವು ಬೇಗನೆ ಸಡಿಲವಾಗುತ್ತದೆ. ಮೈಯಲ್ಲಿ ಕೊಬ್ಬೂ ಮನಸ್ಸಿನಲ್ಲಿ ಸೊಕ್ಕೂ ಸೇರುತ್ತವೆ. ಗಾಮಾನು ಎರಡಕ್ಕೂ ಎಡೆಗೊಡಲಿಲ್ಲ. ವರುಷಗಳು ಉರುಳಿದವು, ಒಂದು ಮಹಾಯುದ್ಧವು ಆಗಿಹೋಯಿತು. ಅವನು ಮಾತ್ರ ನಿತ್ಯವೂ ನಸುಕಿನಲ್ಲಿ ಎದ್ದು ಅಖಾಡಕ್ಕೆ ಇಳಿಯುತ್ತಲೇ ಇದ್ದನು.

ಅತ್ತ ಜ್ಬಿಸ್ಕೋನೂ ಸುಮ್ಮನಿರಲಿಲ್ಲ. ಅವನು ೧೯೨೧ರಲ್ಲಿ ಅಮೇರಿಕೆಯ ಎಡ್ ಲೂಯಿಸ್ ಎಂಬ ಪ್ರಚಂಡನನ್ನು ಸೋಲಿಸಿ ಜಗಜ್ಜೇತನ ಪದವಿಯನ್ನು ಪಡೆದನು. ಅದನ್ನು ಕಳೆದುಕೊಂಡು ೧೯೨೫ರಲ್ಲಿ ಮತ್ತೆ ಗಳಿಸಿದನು. ಅಷ್ಟು ಹೆಸರು ಗಳಿಸಿದವನು, ಹದಿನೆಂಟು ವರುಷಗಳ ಹಿಂದಿನ ಒಂದು ಕುಸ್ತಿಗಾಗಿ ಸಮುದ್ರವನ್ನು ದಾಟಿ ಬರಬೇಕಾದ ಅಗತ್ಯವೇನೂ ಇರಲಿಲ್ಲ. ಆದರೂ ಅವನು ಬಂದನು. ಲಂಡನ್ನಿನಲ್ಲಿ ಕಣಕ್ಕೆ ಬಾರದಿದ್ದುದಕ್ಕಾಗಿ ಅವನನ್ನು ನಾವು ದೂರುವುದಾದರೆ, ಹೀಗೆ ಬಂದುದಕ್ಕಾಗಿ ಅವನನ್ನು ಮೆಚ್ಚಲೂಬೇಕು. ಆ ಸಮ ಕುಸ್ತಿಯು ಅವನ ಮನಸ್ಸನ್ನೂ ಕೊರೆದಿರಬೇಕೆಂದು ನಾವು ಊಹಿಸಬಹುದು.

ಪಟಿಯಾಲಾದ ಮಹಾರಾಜ ಭೂಪಿಂದರ ಸಿಂಹನು ಮಲ್ಲವಿದ್ಯೆಯ ಮಹಾಪೋಷಕನು, ಗಾಮಾನಿಗೂ ಆಶ್ರಯದಾತನು. ಅವನ ರಾಜಧಾನಿಯಲ್ಲಿ ೧೯೨೮ರ ಜನವರಿ ತಿಂಗಳಲ್ಲಿ ಈ ಕುಸ್ತಿಗೆ ವೇದಿಕೆಯು ಸಿದ್ಧವಾಯಿತು. ಸುತ್ತಣ ಸೀಮೆಗಳಿಂದ ಜನರು ಸಾವಿರ ಸಾವಿರವಾಗಿ ನೆರೆದರು. ಇಬ್ಬರೂ ಐವತ್ತರ ಹೊಸ್ತಿಲಲ್ಲಿ ನಿಂತವರು. ಲಂಡನ್ನಿನ ನೆನಪಿನಿಂದ ಅನೇಕರು ದೀರ್ಘವಾದ ಹೋರಾಟವನ್ನು ನಿರೀಕ್ಷಿಸಿ, ದಿನವಿಡೀ ಕುಳಿತುಕೊಳ್ಳುವ ಸಿದ್ಧತೆಯಿಂದ ಬಂದಿದ್ದಿರಬೇಕು. ಆದರೆ ಕೈಗೆ ಕೈ ತಾಗಿದುದೇ ತಡ, ಗಾಮಾನು ಮಿಂಚಿನಂತೆ ಒಳನುಗ್ಗಿದನು. ಜ್ಬಿಸ್ಕೋನು ಹೊಟ್ಟೆಯನ್ನು ನೆಲಕ್ಕೆ ಆನಿಸುವುದಕ್ಕೆ ಮೊದಲೇ ಅವನ ಬೆನ್ನು ನೆಲಕ್ಕೆ ತಾಗಿತು. ಒಂದು ನಿಮಿಷವೂ ತುಂಬಿರಲಿಲ್ಲ! ಲಂಡನ್ನಿನಲ್ಲಿ ಎರಡೂವರೆ ಗಂಟೆಗಳಲ್ಲಿ ಆಗದೆ ಇದ್ದುದು ಪಟಿಯಾಲಾದಲ್ಲಿ ಎವೆಯಿಕ್ಕುವಷ್ಟರಲ್ಲಿ ಆಗಿಹೋಯಿತು. ನೋಡಿದವರು ಆ ನಿಮಿಷವನ್ನು ಹೊಗಳಿದರು. ಆದರೆ ಅದರ ಹಿಂದೆ ಹದಿನೆಂಟು ವರುಷಗಳ ನಸುಕುಗಳು ಇದ್ದವೆಂಬುದನ್ನು ನಾವು ಮರೆಯಲಾಗದು.

ಮರುವರುಷ, ಎಂದರೆ ೧೯೨೯ರಲ್ಲಿ, ಪೀಟರ್ಸನ್ ಎಂಬ ಮತ್ತೊಬ್ಬ ಪರದೇಶದ ಮಲ್ಲನೂ ಒಂದೆರಡು ನಿಮಿಷಗಳಲ್ಲಿಯೇ ಗಾಮಾನಿಗೆ ಸೋತನು. ಆ ಬಳಿಕ ಅವನನ್ನು ಎದುರಿಸಬಲ್ಲವರು ಕಾಣಲಿಲ್ಲ. ಬಿರುದುಗಳಿದ್ದವು, ಗದೆಗಳಿದ್ದವು, ರಾಜಾಶ್ರಯವಿತ್ತು. ಆದರೆ ಮನೆಯೊಳಗೆ ವಿಧಿಯು ಬೇರೆ ರೀತಿಯಲ್ಲಿ ನಡೆದುಕೊಂಡಿತು. ಗಾಮಾನಿಗೆ ಐವರು ಗಂಡುಮಕ್ಕಳೂ ನಾಲ್ವರು ಹೆಣ್ಣುಮಕ್ಕಳೂ ಇದ್ದರು. ಆ ಐವರು ಗಂಡುಮಕ್ಕಳೂ ಎಳೆಯ ವಯಸ್ಸಿನಲ್ಲಿಯೇ ತಂದೆಯ ಕಣ್ಣೆದುರಿಗೆ ತೀರಿಕೊಂಡರು. ಕೊನೆಯವನಾದ ಜಲಾಲುದ್ದೀನನು ೧೯೪೫ರಲ್ಲಿ ಅಗಲಿದಾಗ ಅವನಿಗೆ ಹದಿಮೂರು ವರುಷ. ಯಾರ ಬೆನ್ನೂ ಮಣಿಸಲಾರದ ತೋಳುಗಳು ತಮ್ಮ ಕಂದನನ್ನು ಹಿಡಿದು ನಿಲ್ಲಿಸಲಾರದೆ ಹೋದವು. ತನ್ನ ವಿದ್ಯೆಯನ್ನು ಅವನು ತಮ್ಮನಾದ ಇಮಾಮ್ ಬಕ್ಷನ ಮಕ್ಕಳಲ್ಲಿ ಕಂಡು ಸಮಾಧಾನ ಪಡಬೇಕಾಯಿತು. ಅವರಲ್ಲಿ ಭೋಲೂ ಎಂಬವನೂ ಅವನ ತಮ್ಮಂದಿರೂ ಮುಂದೆ ಪ್ರಸಿದ್ಧ ಮಲ್ಲರಾದರು.

೧೯೪೭ನೆಯ ಇಸವಿಯು ಬಂದಿತು. ದೇಶವು ಸ್ವತಂತ್ರವಾಯಿತು, ಜೊತೆಗೆ ಎರಡು ತುಂಡಾಯಿತು. ಪಂಜಾಬಿನ ನಡುವೆ ಗೆರೆಯನ್ನು ಎಳೆಯಲಾಯಿತು. ಗಾಮಾನು ಹುಟ್ಟಿದ ಅಮೃತಸರದ ಸೀಮೆಯು ಹಿಂದೂಸ್ಥಾನದಲ್ಲಿ ಉಳಿಯಿತು. ಅವನು ನೆಲೆಸಿದ ಲಾಹೋರು ಪಾಕಿಸ್ತಾನಕ್ಕೆ ಸೇರಿತು. ಅತ್ತಿಂದ ಇತ್ತ, ಇತ್ತಿಂದ ಅತ್ತ ಲಕ್ಷಾಂತರ ಜನರು ಮನೆಮಾರುಗಳನ್ನು ತೊರೆದು ನಡೆದರು. ನೆರೆಮನೆಯವರೇ ಒಬ್ಬರನ್ನೊಬ್ಬರು ಇರಿದ ಆ ದಿನಗಳ ನೆನಪು ಇಂದಿಗೂ ಮೈನಡುಗಿಸುವಂತಹದು.

ಲಾಹೋರಿನ ಮೋಹನೀ ರಸ್ತೆಯಲ್ಲಿ ಗಾಮಾನ ನೆರೆಹೊರೆಯಲ್ಲಿ ಅನೇಕ ಹಿಂದೂ ಕುಟುಂಬಗಳು ಇದ್ದವು. ಅವರ ಮೇಲೆ ಬೀಳಲು ಉದ್ರಿಕ್ತ ಗುಂಪೊಂದು ಆ ಓಣಿಗೆ ನುಗ್ಗಿ ಬಂದಾಗ, ಎಪ್ಪತ್ತನ್ನು ಸಮೀಪಿಸಿದ ಈ ಮುದುಕನು ತನ್ನ ಕಡೆಯ ಮಲ್ಲರನ್ನು ಕೂಡಿಕೊಂಡು ಅಡ್ಡ ನಿಂತನೆಂದು ಹೇಳುತ್ತಾರೆ. ಗುಂಪಿನ ಮುಂದಾಳು ಮುಂದೆ ಬರಲು ಗಾಮಾನ ಒಂದು ಏಟಿಗೆ ಅವನು ಹಿಮ್ಮೆಟ್ಟಿದನಂತೆ. ಮುಂದಾಳು ಹಿಮ್ಮೆಟ್ಟಲು ಗುಂಪೂ ಕರಗಿತಂತೆ. ಆ ಬಳಿಕ ಅಲ್ಲಿ ಇನ್ನು ಉಳಿಯುವುದು ಅಪಾಯವೆಂದು ಕಂಡಾಗ, ಆ ಕುಟುಂಬಗಳಿಗೆ ದಾರಿಗೆ ಬೇಕಾದ ಆಹಾರವನ್ನು ಒದಗಿಸಿ ತಾನೇ ಗಡಿಯವರೆಗೆ ಕಳುಹಿಸಿಕೊಟ್ಟನೆಂದೂ ಆ ಕಥೆಯು ಹೇಳುತ್ತದೆ. ತನ್ನ ಧರ್ಮದವರಲ್ಲದವರಿಗಾಗಿ ತನ್ನ ಧರ್ಮದವರ ಸಿಟ್ಟನ್ನು ಎದುರಿಸುವುದು ಯಾವ ಕಾಲಕ್ಕೂ ಸುಲಭದ ಮಾತಲ್ಲ. ಆ ಓಣಿಯಲ್ಲಿ ಪಂಚರಿರಲಿಲ್ಲ, ಪಟ್ಟವಿರಲಿಲ್ಲ, ಬಹುಮಾನದ ಪೌಂಡುಗಳಿರಲಿಲ್ಲ. ಆದರೂ ಗಾಮಾನ ಜೀವಮಾನದ ಕುಸ್ತಿಗಳಲ್ಲೆಲ್ಲ ಅತ್ಯಂತ ದೊಡ್ಡದು ಅದೇ ಎಂದು ನಾವು ತಿಳಿಯುತ್ತೇವೆ. ಏಕೆಂದರೆ ಮಿಕ್ಕ ಕಣಗಳಲ್ಲಿ ಅವನು ಸೋತಿದ್ದರೆ ಅವನ ಹೆಸರು ಮಾತ್ರ ಕುಂದುತ್ತಿತ್ತು. ಇಲ್ಲಿ ಹಿಂಜರಿದಿದ್ದರೆ ನೆರೆಯವರ ಪ್ರಾಣಗಳೇ ಹೋಗುತ್ತಿದ್ದವು.

ರಾಜರ ಆಳ್ವಿಕೆಯು ಕೊನೆಗಂಡುದರಿಂದ ಮಲ್ಲರ ಆಶ್ರಯವೂ ಕೊನೆಗಂಡಿತು. ಗಾಮಾನ ಕಡೆಯ ವರುಷಗಳು ಬಡತನದಲ್ಲಿಯೂ ಬೇನೆಯಲ್ಲಿಯೂ ಕಳೆದವು. ಹೃದಯದ ರೋಗ, ಉಬ್ಬಸ ಇವು ಆ ಉಕ್ಕಿನ ಮೈಯನ್ನು ಹಣ್ಣುಮಾಡಿದವು. ಪಾಕಿಸ್ತಾನದ ಸರಕಾರವು ನೆರವು ನೀಡಿತು. ಇದರೊಡನೆ ಮತ್ತೊಂದು ಸಂಗತಿಯನ್ನು ನಾವು ಹೇಳಲೇಬೇಕು. ಗಾಮಾನ ದುಃಸ್ಥಿತಿಯನ್ನು ಕೇಳಿದ ಭಾರತದ ಉದ್ಯಮಿ ಘನಶ್ಯಾಮದಾಸ ಬಿರ್ಲಾ ಅವರು ಎರಡು ಸಾವಿರ ರೂಪಾಯಿಗಳನ್ನೂ ತಿಂಗಳಿಗೆ ಮುನ್ನೂರು ರೂಪಾಯಿಗಳ ವೇತನವನ್ನೂ ಅವನಿಗಾಗಿ ಗೊತ್ತುಮಾಡಿದರು. ಗಡಿಯ ಆಚೆಗೆ ಕೆಲವು ಕುಟುಂಬಗಳನ್ನು ಸುರಕ್ಷಿತವಾಗಿ ಕಳುಹಿಸಿದವನಿಗೆ ಗಡಿಯ ಆಚೆಯಿಂದಲೇ ಸಹಾಯವು ಬಂದಿತು. ೧೯೬೦ನೆಯ ಇಸವಿಯ ಮೇ ತಿಂಗಳ ೨೩ರಂದು, ತನ್ನ ಎಂಬತ್ತೆರಡನೆಯ ಹುಟ್ಟುಹಬ್ಬದ ಮರುದಿನ, ಗಾಮಾನು ಲಾಹೋರಿನಲ್ಲಿ ಕಣ್ಣುಮುಚ್ಚಿದನು.

ಇಂದು ವೃತ್ತಿಮಲ್ಲರ ಕುಸ್ತಿಯೆಂದರೆ ನಮ್ಮ ಬಾಲಕರಿಗೆ ನೆನಪಾಗುವುದು ದೀಪಗಳ ಝಗಝಗ, ವೇಷ, ಕೂಗಾಟ ಇವೇ. ಅಲ್ಲಿ ಯಾರು ಗೆಲ್ಲಬೇಕೆಂಬುದು ಮೊದಲೇ ಗೊತ್ತಾಗಿರುತ್ತದೆ. ಅದೊಂದು ಬಗೆಯ ನಾಟಕ. ನಾಟಕವನ್ನು ನಾಟಕವೆಂದು ತಿಳಿದು ನೋಡುವುದರಲ್ಲಿ ತಪ್ಪಿಲ್ಲ. ಆದರೆ ಯಾರು ಬೀಳುವರೆಂದು ನೋಡುವವರಿಗೂ ತಿಳಿಯದೆ, ಆಡುವವರಿಗೂ ತಿಳಿಯದೆ, ಇಬ್ಬರು ಎದೆಗೆ ಎದೆಕೊಟ್ಟು ನಿಲ್ಲುವುದು ಬೇರೆಯೇ ಆದ ಮಾತು. ನಮ್ಮ ನಿತ್ಯದ ಬಾಳು ಆ ಎರಡನೆಯ ಬಗೆಯದು.

ನಾವೂ ಶಾಲೆಯಲ್ಲಿ ಅನೇಕ ಸಲ ಸಮವಾಗಿ ನಿಲ್ಲುತ್ತೇವೆ. ಬಾರದ ಲೆಕ್ಕ, ಅರ್ಧಕ್ಕೆ ಬಿಟ್ಟ ಪಾಠ, ಹಿಂಜರಿದು ಆಡದೆ ಉಳಿದ ಸತ್ಯದ ಮಾತು ಇವೆಲ್ಲ ನಮ್ಮ ಸಮ ಕುಸ್ತಿಗಳೇ. ಅವುಗಳನ್ನು ಮರೆತುಬಿಡುವುದು ಸುಲಭ. ಗಾಮಾನು ಮರೆಯಲಿಲ್ಲ, ದುಡುಕಲೂ ಇಲ್ಲ. ಹೊಗಳುವವರು ಯಾರೂ ಇಲ್ಲದ ನಸುಕುಗಳಲ್ಲಿ ತನ್ನ ಬಲವನ್ನು ಕೂಡಿಹಾಕುತ್ತ ಹೋದನು. ಕೂಡಿಟ್ಟ ಆ ಬಲವನ್ನು ಪಟಿಯಾಲಾದಲ್ಲಿ ತನ್ನ ಹೆಸರಿಗಾಗಿ ವೆಚ್ಚಮಾಡಿದನು. ಲಾಹೋರಿನ ಓಣಿಯಲ್ಲಿ ನೆರೆಯವರಿಗಾಗಿ ವೆಚ್ಚಮಾಡಿದನು. ಇವೆರಡರಲ್ಲಿ ಅವನ ನಿಜವಾದ ನಿಕಾಲಿ ಕುಸ್ತಿಯು ಯಾವುದೆಂದು ನಮ್ಮನ್ನು ಕೇಳಿದರೆ, ನಾವು ಎರಡನೆಯದರತ್ತಲೇ ಬೆರಳು ತೋರಿಸುವೆವು.